ಮೋಸದ ತಕ್ಕಡಿಯ ಲೆಕ್ಕ

‘ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ’ ಅನ್ನುವ ಮಾತಿಗೆ ಈಗ ವಿಜ್ಞಾನದ ಮುದ್ರೆಯೂ ಬಿದ್ದಿದೆ. ಮದುವೆಯಾದವರು ಒಂಟಿಗಳಿಗಿಂತ ಸುಖಿಗಳಂತೆ, ಸಮೀಕ್ಷೆಯೇ ಹೇಳಿದೆಯಂತೆ ಎಂದು ವಾಟ್ಸಾಪಿನಲ್ಲಿ ಓಡಾಡುತ್ತದೆ. ಸಮೀಕ್ಷೆ ಹೇಳಿದ್ದೇನೋ ನಿಜ. ಆದರೆ ಮದುವೆಯಿಂದ ಸುಖ ಬಂತೋ, ಮೊದಲೇ ನಗುನಗುತ್ತ ಇದ್ದವರಿಗೆ ಬೇಗ ಸಂಬಂಧ ಕುದುರಿತೋ? ಒಂದೇ ಸಲ ಮನೆಮನೆ ಸುತ್ತಿ ಬಂದವರಿಗೆ ಅದು ಗೊತ್ತಾಗುವುದೇ ಇಲ್ಲ.

ಗೊತ್ತಾಗಬೇಕಾದರೆ ಅದೇ ಬಾಗಿಲನ್ನು ವರ್ಷ ವರ್ಷವೂ ತಟ್ಟಬೇಕು. ಪಶ್ಚಿಮ ಜರ್ಮನಿಯಲ್ಲಿ 1984ರಲ್ಲಿ ಸುಮಾರು ಆರು ಸಾವಿರ ಮನೆಗಳಿಂದ ಈ ಕೆಲಸ ಶುರುವಾಯಿತು. ಸಂಬಳ, ಬಾಡಿಗೆ, ಕಾಯಿಲೆ ಎಲ್ಲ ಕೇಳಿದ ಮೇಲೆ, ಒಟ್ಟಾರೆ ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳಿ ಎನ್ನುತ್ತಾರೆ. ಮಗ ಬೇರೆ ಮನೆ ಮಾಡಿದರೆ ಅವನ ಹಿಂದೆಯೂ ಹೋಗುತ್ತಾರೆ. ನಮ್ಮಲ್ಲಿ ಪಾಲಾದರೆ ಪಹಣಿ ಎರಡಾಗುತ್ತದಲ್ಲ, ಹಾಗೆ.

ಇಲ್ಲೊಂದು ಅಡ್ಡಮಾತು ಹೇಳದೆ ಮುಂದೆ ಹೋಗಲಾರೆ. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಜುಲೈ 1ಕ್ಕೆ ಪೂರ್ವ ಜರ್ಮನಿಯವರ ಕೈಗೆ ಪಶ್ಚಿಮದ ನಾಣ್ಯವಾದ ಮಾರ್ಕ್ ಬಂತು. ಸಮೀಕ್ಷೆಯವರು ಜೂನ್ ತಿಂಗಳಲ್ಲೇ ಪೂರ್ವದ ಮನೆಗಳಿಗೆ ಹೋಗಿ ಅಂಕ ಬರೆದುಕೊಂಡು ಬಂದಿದ್ದರು! ಒಂದು ತಿಂಗಳು ತಡಮಾಡಿದ್ದರೆ ಹಳೆಯ ನಾಣ್ಯದ ಕಾಲದ ಅಳತೆ ಕೈತಪ್ಪುತ್ತಿತ್ತು.

ಸರಿ, ಹತ್ತಕ್ಕೆ ನಾನು ಕೊಟ್ಟ ಏಳೂ ನೀವು ಕೊಟ್ಟ ಏಳೂ ಒಂದೆಯೇ? ಖಂಡಿತ ಅಲ್ಲ. ನಮ್ಮ ದೊಡ್ಡಮ್ಮನನ್ನು ಹೇಗಿದ್ದೀರಿ ಎಂದು ಕೇಳಿದರೆ, ಮಗನಿಗೆ ಬಡ್ತಿ ಸಿಕ್ಕ ದಿನವೂ ‘ಏನೋ, ದಿನ ತಳ್ತಾ ಇದೀನಿ’ ಎನ್ನುತ್ತಿದ್ದರು. ಪಕ್ಕದ ಮನೆಯ ಮೇಷ್ಟ್ರು ಜ್ವರದಲ್ಲೂ ‘ಫಸ್ಟ್ ಕ್ಲಾಸ್’. ಇಬ್ಬರ ತಕ್ಕಡಿಯೂ ಸುಳ್ಳು. ಆದರೆ ಸಂತೆಯಲ್ಲಿ ನೂರು ಗ್ರಾಂ ಹೆಚ್ಚು ತೋರಿಸುವ ತಕ್ಕಡಿಯ ಮೇಲೆ ಮೊದಲು ಖಾಲಿ ಡಬ್ಬ ಇಡಿ, ಆಮೇಲೆ ಬೆಲ್ಲ ಹಾಕಿ ತೂಗಿ, ಒಂದರಲ್ಲಿ ಇನ್ನೊಂದು ಕಳೆಯಿರಿ. ಬೆಲ್ಲದ ತೂಕ ಕರಾರುವಾಕ್ಕು! ಹತ್ತು ನಿಮಿಷ ಮುಂದಿರುವ ಗೋಡೆ ಗಡಿಯಾರವೂ ಅಷ್ಟೇ, ಬಸ್ಸಿಗೆ ಆಗದಿದ್ದರೂ ಬೇಳೆ ಎಷ್ಟು ಹೊತ್ತು ಬೆಂದಿತೆಂದು ಸರಿಯಾಗೇ ಹೇಳುತ್ತದೆ. ದೊಡ್ಡಮ್ಮನನ್ನು ಹೋದ ವರ್ಷದ ದೊಡ್ಡಮ್ಮನ ಜೊತೆಗೇ ಹೋಲಿಸಿದರೆ ಹುಟ್ಟುಗುಣ, ಬಾಲ್ಯ, ಗೊಣಗುವ ಅಭ್ಯಾಸ ಎಲ್ಲ ಕಳೆಯುವ ಲೆಕ್ಕದಲ್ಲಿ ಉದುರಿಹೋಗುತ್ತವೆ. ತಕ್ಕಡಿಯೇ ವರ್ಷಕ್ಕಿಷ್ಟು ವಾಲತೊಡಗಿದರೆ ಮಾತ್ರ ಈ ಉಪಾಯ ಕೈಕೊಡುತ್ತದೆ.

ಮನಶ್ಶಾಸ್ತ್ರಜ್ಞ ರಿಚರ್ಡ್ ಲೂಕಸ್ ಮತ್ತು ಜೊತೆಗಾರರು 2003ರಲ್ಲಿ ಈ ಜರ್ಮನ್ ಅಂಕಗಳನ್ನು ಹೀಗೇ ಕಳೆದು ನೋಡಿದರು. ಮುಂದೆ ಮದುವೆಯಾಗಿ ಉಳಿದವರು ಮೊದಲಿಂದಲೇ ಹೆಚ್ಚು ತೃಪ್ತರಾಗಿದ್ದರು. ಮದುವೆಯ ಆಸುಪಾಸಿನಲ್ಲಿ ಅಂಕ ತುಸು ಏರಿ, ಕೆಲವೇ ವರ್ಷಗಳಲ್ಲಿ ಸರಾಸರಿ ಹಳೆಯ ಮಟ್ಟಕ್ಕೇ ಬಂದು ಕೂತಿತು. ಸಂಗಾತಿ ತೀರಿಕೊಂಡವರು ಹಳೆಯ ಮಟ್ಟದ ಹತ್ತಿರ ಬರಲು ಏಳೆಂಟು ವರ್ಷ ಬೇಕಾಯಿತು. ಮರುವರ್ಷ ಅದೇ ತಂಡ ಕೆಲಸ ಕಳೆದುಕೊಂಡವರನ್ನು ನೋಡಿತು. ಮತ್ತೆ ಕೆಲಸ ಸಿಕ್ಕರೂ ಅವರ ಅಂಕ ಪೂರ್ತಿ ಮೇಲೇಳಲಿಲ್ಲ.

ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರತಿ ಸುತ್ತಿಗೂ ಹೊಸ ಮನೆಗಳನ್ನೇ ಆರಿಸುತ್ತದೆ, ಹಾಗಾಗಿ ಅದಕ್ಕೆ ಈ ಕಳೆಯುವ ಲೆಕ್ಕ ಒಗ್ಗದು. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯವರು 2004–05ರಲ್ಲಿ ನೋಡಿದ ನಲವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು 2011–12ರಲ್ಲಿ ಮತ್ತೆ ಹುಡುಕಿಕೊಂಡು ಹೋದರು. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮನೆ ಸಿಕ್ಕವು. ಸಿಗದವುಗಳದ್ದೇ ತಲೆನೋವು. ಕಾಯಿಲೆಯವರು, ಗುಳೆ ಹೋದವರು ಪಟ್ಟಿಯಿಂದ ಜಾರಿದರೆ ಉಳಿದವರ ಆರೋಗ್ಯ ಸುಮ್ಮನೆ ಸುಧಾರಿಸಿದಂತೆ ಕಾಣುತ್ತದೆ. ಅದಕ್ಕೇ ಬೀಗ ಹಾಕಿದ ಮನೆ ಕಂಡರೆ ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳಬೇಕು: ಎಲ್ಲಿಗೆ ಹೋದರು, ಹೋಗುವಾಗ ಹೇಗಿದ್ದರು?