ಪದ ಪರಿಚಯ: ಡಿಕೋಡಿಂಗ್, ಅಥವಾ ಹಾಡು ಬಿಡಿಸಲು ಬ್ಯಾಟರಿ ತೆರುವ ಬೆಲೆ

ಸಂಗೀತದ ಫೈಲಿನಲ್ಲಿ ಅಡಕವಾಗಿರುವ ಅಂಕಿಗಳನ್ನು ಮತ್ತೆ ಧ್ವನಿಯ ಮಾದರಿಗಳಾಗಿ (ಕ್ಷಣಕ್ಷಣಕ್ಕೂ ಅಲೆಯ ಎತ್ತರವನ್ನು ಅಳೆದ ಅಂಕಿಗಳಾಗಿ) ಬಿಡಿಸುವ ಕೆಲಸಕ್ಕೆ ಡಿಕೋಡಿಂಗ್ ಎಂದು ಹೆಸರು. ಅಡಕಗೊಳಿಸುವ ಕೆಲಸ ಎನ್‌ಕೋಡಿಂಗ್. ಎರಡನ್ನೂ ಹೇಗೆ ಮಾಡಬೇಕೆಂದು ಗೊತ್ತುಪಡಿಸುವ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. ಎಂಪಿ3, ಎಎಸಿ, ಫ್ಲ್ಯಾಕ್, ವೋರ್ಬಿಸ್ ಎಲ್ಲವೂ ಕೋಡೆಕ್‌ಗಳೇ. ಎನ್‌ಕೋಡಿಂಗ್ ಸಾಮಾನ್ಯವಾಗಿ ಒಂದೇ ಸಲ, ಮನೆಯ ಕಂಪ್ಯೂಟರಿನಲ್ಲಿ ನಡೆದು ಮುಗಿಯುತ್ತದೆ. ಡಿಕೋಡಿಂಗ್ ಮಾತ್ರ ಹಾಡು ಕೇಳಿದಷ್ಟು ಸಲವೂ, ಕೇಳಿದಷ್ಟು ಹೊತ್ತೂ, ಕಿಸೆಯಲ್ಲಿರುವ ಪುಟ್ಟ ಬ್ಯಾಟರಿಯ ಖರ್ಚಿನಲ್ಲೇ ಆಗಬೇಕು.

ಪುಣೆಯಲ್ಲಿ ಹಿಂದುಸ್ತಾನಿ ಸಂಗೀತದ ಹುಚ್ಚಿರುವ ಕನ್ನಡಿಗರಿಗೆ ಕೊರತೆಯಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಇಲ್ಲಿ ಆರಂಭಿಸಿದ ಮಹೋತ್ಸವ ಹತ್ತಿರ ಬಂತೆಂದರೆ ಧಾರವಾಡ, ಗದಗಿನ ಕಡೆಯಿಂದ ನಂಟರು, ಗೆಳೆಯರು ಬಂದಿಳಿಯುತ್ತಾರೆ. ತಳಜಾಯಿ ಗುಡ್ಡದ ಬೆಳಗಿನ ನಡಿಗೆಗೆ ಪ್ಲೇಯರ್ ಜೊತೆಗಿಟ್ಟುಕೊಳ್ಳುವವರು, ಹುಬ್ಬಳ್ಳಿಯ ರಾತ್ರಿ ಬಸ್ಸಿನಲ್ಲಿ ಮಲ್ಲಿಕಾರ್ಜುನ ಮನಸೂರರನ್ನು ಕೇಳುತ್ತಾ ಮಲಗುವವರು ಈ ಬಳಗದಲ್ಲಿ ಬಹಳ. ಅವರ ನಡುವೆ ಗಟ್ಟಿಯಾಗಿ ಬೇರೂರಿದ ಒಂದು ಮಾತಿದೆ: ಫೈಲ್ ದೊಡ್ಡದಾದಷ್ಟೂ ಬ್ಯಾಟರಿ ಬೇಗ ಖಾಲಿ. ಈ ನಂಬಿಕೆಯಿಂದಲೇ ಅಪರೂಪದ ಧ್ವನಿಮುದ್ರಣಗಳನ್ನು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಆಗಿ ಕುಗ್ಗಿಸಿ, ಮೂಲವನ್ನು ಅಳಿಸಿಬಿಡುವವರಿದ್ದಾರೆ. ನನಗೆ ಇದು ನಿಜವಾದ ಸಂಕಟ. ಎಂಪಿ3 ಒಮ್ಮೆ ಕೈಬಿಟ್ಟ ಧ್ವನಿಯನ್ನು ಮರಳಿ ಪಡೆಯುವ ದಾರಿಯೇ ಇಲ್ಲ. ಆ ನಷ್ಟಕ್ಕೆ ಕಾರಣವಾದ ನಂಬಿಕೆಯಾದರೋ ಇಂದಿನ ಸಾಧನಗಳ ಮಟ್ಟಿಗೆ ಬಹುಪಾಲು ತಪ್ಪು.

ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ ಒಂದೊಂದು ಚಾನೆಲ್‌ಗೂ 44,100 ಮಾದರಿಗಳಿರುತ್ತವೆ, ಒಂದೊಂದು ಮಾದರಿಗೂ 16 ಬಿಟ್. ಎರಡು ಚಾನೆಲ್ ಸೇರಿದರೆ ಸೆಕೆಂಡಿಗೆ 1,411 ಕಿಲೋಬಿಟ್, ನಿಮಿಷಕ್ಕೆ ಹತ್ತೂವರೆ ಮೆಗಾಬೈಟ್‌ಗೂ ತುಸು ಹೆಚ್ಚು. ಫೈಲ್ ಯಾವುದೇ ಇರಲಿ, ಕೊನೆಗೆ ಇಷ್ಟೂ ಮಾದರಿಗಳನ್ನು ಪ್ಲೇಯರ್ ಸಮಯಕ್ಕೆ ಸರಿಯಾಗಿ ಸಿದ್ಧಮಾಡಿ ಕೊಡಲೇಬೇಕು. ವೇವ್ ಫೈಲಿನಲ್ಲಿ ಅವು ಸಿದ್ಧವಾಗಿಯೇ ಇರುತ್ತವೆ, ಓದಿ ಮುಂದೆ ದಾಟಿಸಿದರೆ ಸಾಕು. ಉಳಿದ ಕೋಡೆಕ್‌ಗಳಲ್ಲಿ ಲೆಕ್ಕ ಮಾಡಿ ಕಟ್ಟಬೇಕು. ಆ ಲೆಕ್ಕ ಎಷ್ಟು ಎಂಬುದೇ ಇಲ್ಲಿ ಮುಖ್ಯ.

ಎಂಪಿ3ಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ಧ್ವನಿಯನ್ನು 1,152 ಮಾದರಿಗಳ ಚೌಕಟ್ಟುಗಳಾಗಿ ಕತ್ತರಿಸಿ, ಕಿವಿಗೆ ಹೇಗೂ ಕೇಳಿಸದು ಎಂದು ತೋರಿದ್ದನ್ನು ಬಿಟ್ಟು, ಉಳಿದದ್ದನ್ನು ಆವರ್ತನಗಳ ರೂಪದಲ್ಲಿ ಬರೆದಿಡುತ್ತದೆ. ಬಿಡಿಸುವಾಗ ಪ್ಲೇಯರ್ ಮೊದಲು ಸಂಕೇತಗಳನ್ನು ಓದಿ ಆವರ್ತನದ ಮೌಲ್ಯಗಳನ್ನು ಹಿಡಿಯಬೇಕು, ಅವುಗಳ ಅಳತೆ ಸರಿಪಡಿಸಬೇಕು, ಆಮೇಲೆ ಗಣಿತದ ಪರಿವರ್ತನೆಯೊಂದನ್ನು ನಡೆಸಿ 32 ಪಟ್ಟಿಗಳ ಫಿಲ್ಟರ್ ಮೂಲಕ ಹಾಯಿಸಿ ಅಲೆಯನ್ನು ಮತ್ತೆ ಹೆಣೆಯಬೇಕು. ಇಷ್ಟೆಲ್ಲವೂ ಸೆಕೆಂಡಿಗೆ 38 ಸಲ. ನಲವತ್ತು ನಿಮಿಷದ ಒಂದು ಖಯಾಲ್ ಮುಗಿಯುವಷ್ಟರಲ್ಲಿ ಹೀಗೆ ಬಿಡಿಸಿದ ಚೌಕಟ್ಟುಗಳು ಹತ್ತಿರ ಹತ್ತಿರ 92,000. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬಳಸುವ ಕಿಲೋಬಿಟ್‌ಗಳ ಲೆಕ್ಕ, 128ರಿಂದ 320ಕ್ಕೆ ಏರಿದರೆ ಸಂಕೇತ ಓದುವ ಕೆಲಸ ಹೆಚ್ಚುತ್ತದೆ. ದುಡಿಮೆಯ ದೊಡ್ಡ ಪಾಲಾದ ಪರಿವರ್ತನೆ ಮತ್ತು ಫಿಲ್ಟರ್ ಇದ್ದಷ್ಟೇ ಇರುತ್ತವೆ. ಹಾಗಾಗಿ ಎರಡೂವರೆ ಪಟ್ಟು ದೊಡ್ಡ ಫೈಲ್ ಎರಡೂವರೆ ಪಟ್ಟು ಶ್ರಮ ಬೇಡುವುದಿಲ್ಲ.

ಫ್ಲ್ಯಾಕ್‌ನ ದಾರಿ ಬೇರೆ. ಒಳ್ಳೆಯ ಹಾರ್ಮೋನಿಯಂ ಸಾಥಿದಾರ ಗಾಯಕರ ಮುಂದಿನ ಸ್ವರವನ್ನು ಹಿಂದಿನ ಸ್ವರಗಳಿಂದಲೇ ಅಂದಾಜು ಮಾಡುತ್ತಾ ಹೋಗುವಂತೆ, ಫ್ಲ್ಯಾಕ್ ಕೂಡ ಹಿಂದಿನ ಕೆಲವು ಮಾದರಿಗಳಿಂದ ಮುಂದಿನದನ್ನು ಊಹಿಸುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಫೈಲಿನಲ್ಲಿ ಬರೆದಿಡುತ್ತದೆ. ಬಿಡಿಸುವಾಗ ಅದೇ ಊಹೆಯನ್ನು ಮತ್ತೆ ಮಾಡಿ, ವ್ಯತ್ಯಾಸವನ್ನು ಕೂಡಿಸಿದರೆ ಮೂಲ ಮಾದರಿ ಒಂದು ಬಿಟ್ಟೂ ತಪ್ಪದೆ ಸಿಗುತ್ತದೆ. ಬೇಕಾದದ್ದು ಪೂರ್ಣಾಂಕಗಳ ಗುಣಾಕಾರ ಮತ್ತು ಸಂಕಲನ. ಯಾವ ಊಹೆ ಚೆನ್ನಾಗಿ ಹೊಂದುತ್ತದೆ ಎಂದು ಹುಡುಕುವ ಕಷ್ಟವನ್ನೆಲ್ಲ ಎನ್‌ಕೋಡಿಂಗ್ ಮಾಡುವ ಕಂಪ್ಯೂಟರ್ ಮೊದಲೇ ಹೊತ್ತಿರುತ್ತದೆ. ಫ್ಲ್ಯಾಕ್ ಮಾಡುವಾಗ ಅಡಕದ 0ಯಿಂದ 8ರವರೆಗಿನ ಯಾವ ಹಂತ ಆರಿಸಿಕೊಂಡರೂ ಬಿಡಿಸುವ ಶ್ರಮ ಹೆಚ್ಚೇನೂ ಬದಲಾಗದಿರುವುದಕ್ಕೆ ಇದೇ ಕಾರಣ. 2001ರಲ್ಲಿ ಮೊದಲ ಆವೃತ್ತಿ ಹೊರಬಂದ ಈ ಕೋಡೆಕ್‌ನ ವಿನ್ಯಾಸವನ್ನು ನಾನು ಬಹಳ ಮೆಚ್ಚುತ್ತೇನೆ.

ಹಳೆಯ ಪ್ಲೇಯರ್‌ಗಳಿಗೆ ಹೊಸ ಜೀವ ಕೊಡುವ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಅದನ್ನು ಕಟ್ಟಿದವರು ಒಂದೊಂದು ಕೋಡೆಕ್ ಬಿಡಿಸಲು ಪ್ರೊಸೆಸರ್ ಎಷ್ಟು ಮೆಗಾಹರ್ಟ್ಸ್ ದುಡಿಯಬೇಕೆಂದು ಅಳೆದು ನೋಡಿದ್ದಾರೆ. ಆ ಅಳತೆಗಳಲ್ಲಿ ಫ್ಲ್ಯಾಕ್ ಎಂಪಿ3ಗಿಂತ ಹಗುರ. ಮಂಕೀಸ್ ಆಡಿಯೋ ಎಂಬ ಇನ್ನೊಂದು ನಷ್ಟರಹಿತ ಕೋಡೆಕ್ ತದ್ವಿರುದ್ಧ: ಅಡಕಗೊಳಿಸಲು ಎಷ್ಟು ದುಡಿಮೆಯೋ ಬಿಡಿಸಲೂ ಹೆಚ್ಚುಕಡಿಮೆ ಅಷ್ಟೇ. ಅದರ ಮೇಲಿನ ಹಂತಗಳಲ್ಲಿ ಮಾಡಿದ ಫೈಲುಗಳು ಫ್ಲ್ಯಾಕ್‌ಗಿಂತ ಚಿಕ್ಕವಾಗಿದ್ದರೂ ಹಳೆಯ ಪ್ಲೇಯರ್‌ಗಳನ್ನು ತಡವರಿಸುವಂತೆ ಮಾಡುತ್ತವೆ. ಎಎಸಿಯ ಒಂದು ಪ್ರಭೇದವಾದ ಎಚ್‌ಇ-ಎಎಸಿಯೂ ಹೀಗೆಯೇ. ಮೇಲಿನ ಆವರ್ತನಗಳನ್ನು ಕೆಳಗಿನವುಗಳಿಂದ ಪುನಃ ಸೃಷ್ಟಿಸಬೇಕಾದ್ದರಿಂದ ಫೈಲ್ ತೀರ ಚಿಕ್ಕದು, ಶ್ರಮ ಸಾಮಾನ್ಯ ಎಎಸಿಗಿಂತ ಹೆಚ್ಚು.

ಶ್ರಮ ಹೆಚ್ಚಾದರೆ ಬ್ಯಾಟರಿ ಇಳಿಯುವುದು ಹೇಗೆ? ಪ್ಲೇಯರಿನ ಪ್ರೊಸೆಸರ್ ಒಂದಿಷ್ಟು ಹಾಡನ್ನು ಬಿಡಿಸಿ, ನೆನಪಿನಲ್ಲಿ ತುಂಬಿಟ್ಟು, ಅದು ನುಡಿದು ಮುಗಿಯುವವರೆಗೆ ವೇಗ ತಗ್ಗಿಸಿಕೊಂಡು ಅಥವಾ ನಿದ್ದೆ ಮಾಡಿಕೊಂಡು ಇರುತ್ತದೆ. ಹಗುರ ಕೋಡೆಕ್ ಆದರೆ ಬೇಗ ನಿದ್ದೆ. ಭಾರದ್ದಾದರೆ ಹೆಚ್ಚು ಹೊತ್ತು ಎಚ್ಚರ, ಕೆಲವೊಮ್ಮೆ ಹೆಚ್ಚು ವೇಗ. ವೇಗ ಏರಿಸಲು ವೋಲ್ಟೇಜ್ ಕೂಡ ಏರಿಸಬೇಕಾಗಿ ಬಂದರೆ ಖರ್ಚು ಅದರ ವರ್ಗದಂತೆ ಬೆಳೆಯುತ್ತದೆ. 1 ವೋಲ್ಟ್ 1.2 ಆದರೆ ಆ ಕಾರಣವೊಂದರಿಂದಲೇ ಶೇಕಡಾ 44ರಷ್ಟು ಹೆಚ್ಚಳ.

ಹಾಗಾದರೆ ದೊಡ್ಡ ಫೈಲಿನ ಮಾತು ಎಲ್ಲಿಂದ ಬಂತು? ಒಂದು ಕಾಲದಲ್ಲಿ ಅದು ಸತ್ಯವೇ ಆಗಿತ್ತು. 2001ರ ಅಕ್ಟೋಬರ್‌ನಲ್ಲಿ ಬಂದ ಮೊದಲ ಐಪಾಡ್‌ನೊಳಗೆ 5 ಗಿಗಾಬೈಟ್‌ನ ತಿರುಗುವ ಹಾರ್ಡ್ ಡಿಸ್ಕ್ ಇತ್ತು, ಜೊತೆಗೆ 32 ಮೆಗಾಬೈಟ್‌ನ ತಾತ್ಕಾಲಿಕ ನೆನಪು. ಡಿಸ್ಕ್ ಎಚ್ಚೆತ್ತು ತಿರುಗಿ ಆ ನೆನಪನ್ನು ತುಂಬಿಸಿ ಮತ್ತೆ ನಿಲ್ಲುತ್ತಿತ್ತು. ಹಾಗೆ ಎಚ್ಚೆತ್ತಾಗ ಎಳೆಯುವ ವಿದ್ಯುತ್ತಿನ ಮುಂದೆ ಡಿಕೋಡಿಂಗ್‌ನ ಖರ್ಚು ಸಣ್ಣದು. ಅದೇ ನಲವತ್ತು ನಿಮಿಷದ ಖಯಾಲನ್ನು ತೆಗೆದುಕೊಳ್ಳಿ. 128 ಕಿಲೋಬಿಟ್‌ನ ಎಂಪಿ3 ಆದರೆ 38 ಮೆಗಾಬೈಟ್: ಡಿಸ್ಕ್ ಎರಡು ಸಲ ಎದ್ದರೆ ಆಯಿತು. ವೇವ್ ಆದರೆ 423 ಮೆಗಾಬೈಟ್: ಇಡೀ ನೆನಪನ್ನು ಹಾಡಿಗೇ ಮೀಸಲಿಟ್ಟರೂ ಮೂರು ನಿಮಿಷಕ್ಕೊಮ್ಮೆ, ಒಟ್ಟು ಹದಿನಾಲ್ಕು ಸಲ ಏಳಬೇಕು. ಆಗಿನವರು ಕಂಡದ್ದು ಸರಿಯೇ. ಈಗಿನ ಪ್ಲೇಯರ್, ಮೊಬೈಲ್‌ಗಳಲ್ಲಿ ತಿರುಗುವ ಭಾಗವೇ ಇಲ್ಲ. ಮೆಮೊರಿ ಕಾರ್ಡ್‌ನಿಂದ ಓದಲು ತಗಲುವ ಖರ್ಚು ಅದಕ್ಕಿಂತ ಎಷ್ಟೋ ಕಡಿಮೆ, ಮತ್ತು ಹಾಡೊಂದಕ್ಕೆ ಬೇಕಾದ ವೇಗ ಕಾರ್ಡ್‌ನ ಶಕ್ತಿಯಲ್ಲಿ ಒಂದು ಸಣ್ಣ ಅಂಶ.

ಮೊಬೈಲ್ ವಿಷಯದಲ್ಲಿ ಒಂದು ತಿರುವಿದೆ. ಆಂಡ್ರಾಯ್ಡ್ 4.4ರ ಕಾಲದಿಂದ, ಅಂದರೆ 2013ರಿಂದ, ಮುಖ್ಯ ಪ್ರೊಸೆಸರ್ ಮಲಗಿರುವಾಗಲೇ ಚಿಕ್ಕದೊಂದು ಧ್ವನಿ ಚಿಪ್‌ಗೆ ಡಿಕೋಡಿಂಗ್ ಒಪ್ಪಿಸುವ ಸೌಲಭ್ಯ ಬಂದಿದೆ. ಆ ಚಿಪ್ ಎಂಪಿ3, ಎಎಸಿಗಳನ್ನು ಬಲ್ಲದು, ಫ್ಲ್ಯಾಕ್ ಬಾರದು ಎಂಬ ಫೋನ್‌ನಲ್ಲಿ ಎಂಪಿ3ಯೇ ಮಿತವ್ಯಯಿ ಆಗಬಹುದು. ಈಕ್ವಲೈಸರ್ ಹಾಕಿದರೆ ಎಷ್ಟೋ ಫೋನ್‌ಗಳಲ್ಲಿ ಕೆಲಸ ಮುಖ್ಯ ಪ್ರೊಸೆಸರ್‌ಗೇ ಮರಳುತ್ತದೆ.

ಡೆಕ್ಕನ್ ಕ್ವೀನ್‌ನಲ್ಲಿ ಮುಂಬೈಗೆ ಹೋಗುತ್ತಾ ಅಂತರ್ಜಾಲದಿಂದ ನೇರವಾಗಿ ಹಾಡು ಕೇಳುವವರಿಗಂತೂ ಕೋಡೆಕ್‌ನ ಚಿಂತೆ ಬೇಡವೇ ಬೇಡ. ಭೋರ್ ಘಾಟಿನ ಸುರಂಗಗಳಲ್ಲಿ ಸಿಗ್ನಲ್ ಹೋಗಿ ಬಂದು ಮಾಡುವಾಗ ಅದನ್ನು ಹುಡುಕಲು ಫೋನ್ ಸುರಿಯುವ ಶಕ್ತಿಯ ಮುಂದೆ ಡಿಕೋಡಿಂಗ್‌ನದು ಲೆಕ್ಕಕ್ಕಿಲ್ಲ. ಪರದೆ ಬೆಳಗುತ್ತಿದ್ದರೂ ಅದೇ ಕತೆ. ಬ್ಲೂಟೂತ್ ಬಳಸಿದರೆ ಫೋನ್ ಬಿಡಿಸಿದ ಹಾಡನ್ನು ಎಸ್‌ಬಿಸಿ, ಎಎಸಿ ಅಥವಾ ಎಲ್‌ಡ್ಯಾಕ್ ಕ್ರಮದಲ್ಲಿ ಇನ್ನೊಮ್ಮೆ ಅಡಕಗೊಳಿಸಿ ಕಳಿಸಬೇಕು. ತಂತಿಯ ಇಯರ್‌ಫೋನ್‌ಗೆ ಈ ಎರಡನೆಯ ದುಡಿಮೆ ಇಲ್ಲ.

ನಿಮ್ಮ ಪ್ಲೇಯರಿನ ಸತ್ಯ ತಿಳಿಯಬೇಕಿದ್ದರೆ ಒಂದೇ ಖಯಾಲನ್ನು ಎರಡು ಕೋಡೆಕ್‌ಗಳಲ್ಲಿ ಹಾಕಿಕೊಳ್ಳಿ. ಪೂರ್ತಿ ಚಾರ್ಜ್ ಮಾಡಿ, ಪರದೆ ಆರಿಸಿ, ಅದೇ ಇಯರ್‌ಫೋನ್, ಅದೇ ಧ್ವನಿಮಟ್ಟ ಇಟ್ಟು, ಬ್ಯಾಟರಿ ಮುಗಿಯುವವರೆಗೆ ಒಂದನ್ನೇ ಮತ್ತೆ ಮತ್ತೆ ನುಡಿಸಿ, ಮರುದಿನ ಇನ್ನೊಂದನ್ನು. ರಾಕ್‌ಬಾಕ್ಸ್‌ನಲ್ಲಿ ಬ್ಯಾಟರಿಯ ಇಳಿತವನ್ನು ತಾನೇ ಬರೆದಿಡುವ ಸಾಧನವೂ ಇದೆ.

ಇನ್ನು ಉಳಿಸಲೇಬೇಕೆಂದರೆ ಉಳಿತಾಯ ಸಿಗುವುದು ಮಾದರಿಗಳ ಸಂಖ್ಯೆಯಲ್ಲಿ. 96 ಕಿಲೋಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 96,000 ಮಾದರಿಗಳ ಫೈಲಿನಲ್ಲಿ ಸಿ.ಡಿ.ಗಿಂತ ಎರಡು ಪಟ್ಟಿಗೂ ಹೆಚ್ಚು ಮಾದರಿಗಳನ್ನು ಬಿಡಿಸಬೇಕು, ಆ ಹೊರೆ ನಿಜವಾದದ್ದು. ಮನೆಯ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಅಷ್ಟು ದೊಡ್ಡ ಅಳತೆಯ ಅಗತ್ಯ ನನಗಂತೂ ಕಾಣುವುದಿಲ್ಲ, 44.1 ಧಾರಾಳವಾಗಿ ಸಾಕು. ಮೂಲ ಮುದ್ರಣ ಮೊನೊ ಆಗಿದ್ದರೆ, ರೇಡಿಯೊದಿಂದ ಹಿಡಿದಿಟ್ಟ ಹಳೆಯ ಕಛೇರಿಗಳು ಬಹುತೇಕ ಹಾಗೆಯೇ ಇರುತ್ತವೆ, ಅದನ್ನು ಸ್ಟೀರಿಯೊ ಮಾಡದೆ ಒಂದೇ ಚಾನೆಲ್‌ನ ಫ್ಲ್ಯಾಕ್ ಆಗಿ ಇಡಿ. ಬಿಡಿಸಬೇಕಾದ ಮಾದರಿಗಳು ಅರ್ಧಕ್ಕೆ ಇಳಿಯುತ್ತವೆ, ಹಾಡಿನಲ್ಲಿ ಒಂದೆಳೆಯೂ ಕಳೆದುಹೋಗುವುದಿಲ್ಲ.