ಫ್ರೀಬಿಎಸ್‌ಡಿಯೊಳಗೆ ಲಿನಕ್ಸ್‌ನ /ಪ್ರಾಕ್: ನಾನು ಎಡವಿದ ಎರಡು ಕಡೆ

ಫ್ರೀಬಿಎಸ್‌ಡಿ ಲಿನಕ್ಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಅದು ಲಿನಕ್ಸ್ ಪ್ರೋಗ್ರಾಂಗಳನ್ನು ಹಾಗೇ ಓಡಿಸುತ್ತದೆ. ವರ್ಚುವಲ್ ಮಷಿನ್ ಏನೂ ಇಲ್ಲ. ಲಿನಕ್ಸ್‌ನ ಸಿಸ್ಟಂ ಕಾಲ್‌ಗಳಿಗೆ, ಅಂದರೆ ಪ್ರೋಗ್ರಾಂ ಸಿಸ್ಟಂ ಮುಂದೆ ಇಡುವ ಕೋರಿಕೆಗಳಿಗೆ, ಫ್ರೀಬಿಎಸ್‌ಡಿಯ ತಿರುಳಾದ ಕರ್ನಲ್ಲೇ ಉತ್ತರ ಕೊಡುತ್ತದೆ. ಆದರೆ ಅಷ್ಟು ಸಾಲದು, ಯಾಕೆಂದರೆ ಲಿನಕ್ಸ್ ಪ್ರೋಗ್ರಾಂಗಳಿಗೆ /ಪ್ರಾಕ್ ಓದುವ ಚಟ. ಸಿಸ್ಟಂನ ಸ್ಥಿತಿಯನ್ನು ಫೈಲುಗಳ ರೂಪದಲ್ಲಿ ತೋರಿಸುವ ಡೈರೆಕ್ಟರಿ ಅದು. ಮೆಮೊರಿ ಎಷ್ಟಿದೆ ಅಂತ ಮೆಮ್‌ಇನ್ಫೋ ನೋಡುತ್ತವೆ, ತಾನು ಯಾವ ಫೈಲಿನಿಂದ ಶುರುವಾದೆ ಅಂತ ಸೆಲ್ಫ್/ಎಕ್ಸಿ ನೋಡುತ್ತವೆ. ಫ್ರೀಬಿಎಸ್‌ಡಿಯವರು ಇಂಥ ಮಾಹಿತಿಯನ್ನು ಹೆಚ್ಚಾಗಿ ಸಿಸ್‌ಸಿಟಿಎಲ್ ಅನ್ನೋ ಕಮಾಂಡ್‌ನಿಂದ ಪಡೆಯುತ್ತಾರೆ. ಹಾಗಾಗಿ ಲಿನಕ್ಸ್ ಬಯಸುವ ಅದೇ ಹೆಸರು, ಅದೇ ಸಾಲುಗಳನ್ನು ತೋರಿಸೋಕೆ ಲಿನ್‌ಪ್ರಾಕ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಂ ಇದೆ. ಡಿಸ್ಕಿನಲ್ಲಿ ಏನೂ ಇರುವುದಿಲ್ಲ. ಫೈಲ್ ಓದಿದಾಗ ಕರ್ನಲ್‌ನ ಒಂದು ಫಂಕ್ಷನ್ ಆಗಿಂದಾಗಲೇ ಪಠ್ಯ ಬರೆದುಕೊಡುತ್ತದೆ.

ಮೊದಲು ಎಡವಿದ್ದು ದಾರಿಯ ವಿಷಯದಲ್ಲಿ. ಲಿನ್‌ಪ್ರಾಕ್‌ಎಫ್‌ಎಸ್ ಮೌಂಟ್ ಆಗುವುದು, ಅಂದರೆ ಡೈರೆಕ್ಟರಿಯಾಗಿ ಕಾಣಿಸಿಕೊಳ್ಳುವುದು, /ಕಂಪ್ಯಾಟ್/ಲಿನಕ್ಸ್/ಪ್ರಾಕ್‌ನಲ್ಲಿ. ನಾನು ಶೆಲ್‌ನಲ್ಲಿ ‘ಕ್ಯಾಟ್ /ಪ್ರಾಕ್/ಸಿಪಿಯುಇನ್ಫೋ’ ಹೊಡೆದೆ (ಕ್ಯಾಟ್ ಅಂದರೆ ಫೈಲ್ ಓದಿ ತೋರಿಸುವ ಕಮಾಂಡ್), ಫೈಲೇ ಇಲ್ಲ ಅಂತು. ಮೌಂಟ್ ಆಗಿಲ್ಲವೇನೋ ಅಂತ ಮತ್ತೆ ಮೌಂಟ್ ಮಾಡಿದೆ. ಊಹೂಂ. ಆಮೇಲೆ ಗೊತ್ತಾಯಿತು, ನನ್ನ ಕ್ಯಾಟ್ ಫ್ರೀಬಿಎಸ್‌ಡಿಯದು! /ಕಂಪ್ಯಾಟ್/ಲಿನಕ್ಸ್ ಒಳಗಿನ ಲಿನಕ್ಸ್ ಕ್ಯಾಟ್‌ಗೆ ಅದೇ ದಾರಿ ಕೊಟ್ಟರೆ ಸರಾಗವಾಗಿ ಓದುತ್ತದೆ. ಲಿನಕ್ಸ್ ಪ್ರೋಸೆಸ್ ಯಾವುದೇ ದಾರಿ ಕೇಳಿದರೂ ಕರ್ನಲ್ ಮೊದಲು /ಕಂಪ್ಯಾಟ್/ಲಿನಕ್ಸ್ ಅಡಿಯಲ್ಲಿ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ನಿಜವಾದ ರೂಟ್‌ಗೆ ಬರುತ್ತದೆ. ಕೇಳುವವರು ಯಾರು ಅನ್ನೋದರ ಮೇಲೆ ಉತ್ತರ.

ಎರಡನೆಯದು ಒಂದು ಸಂಜೆ ಪೂರ್ತಿ ತಿಂದಿತು. ಸಿಪಿಯು ಎಷ್ಟು ಹೊತ್ತು ಏನು ಮಾಡಿತು ಅಂತ ಹೇಳುವ /ಪ್ರಾಕ್/ಸ್ಟ್ಯಾಟ್‌ನ ‘ಸಿಪಿಯು’ ಸಾಲಿನಲ್ಲಿರುವುದು ಸೆಕೆಂಡ್ ಅಲ್ಲ, ಜಿಫಿ ಅನ್ನೋ ಚಿಕ್ಕ ಕಾಲಮಾನ. ಲಿನಕ್ಸ್ ಪ್ರೋಗ್ರಾಂಗಳು ಸೆಕೆಂಡಿಗೆ 100 ಅಂತ ಲೆಕ್ಕ ಹಿಡಿಯುತ್ತವೆ. ಫ್ರೀಬಿಎಸ್‌ಡಿ ಬೇರೆ ಗತಿಯಲ್ಲಿ ಎಣಿಸುತ್ತದೆ. ಅದಕ್ಕೇ ಲಿನ್‌ಪ್ರಾಕ್‌ಎಫ್‌ಎಸ್ ಕೋಡ್‌ನಲ್ಲಿ ಟಿ2ಜೆ ಅಂತ ಒಂದು ಮ್ಯಾಕ್ರೋ ಇದೆ: ಟಿಕ್‌ಗಳನ್ನು (ಫ್ರೀಬಿಎಸ್‌ಡಿಯ ಎಣಿಕೆಯನ್ನು) 100ರಿಂದ ಗುಣಿಸಿ, ಸ್ಟ್ಯಾಟ್‌ಹರ್ಟ್ಸ್‌ನಿಂದ (ಆ ಎಣಿಕೆಯ ಗತಿಯಿಂದ) ಭಾಗಿಸು.

ನಾನು ಕೈಲೆಕ್ಕದಲ್ಲಿ ಸುಮ್ನೆ 1000ದಿಂದ ಭಾಗಿಸಿದ್ದೆ. ‘ಸಿಸ್‌ಸಿಟಿಎಲ್ ಕರ್ನ್.ಕ್ಲಾಕ್‌ರೇಟ್’ ಕೊಟ್ಟರೆ ಹರ್ಟ್ಸ್ 1000 ಅಂತ ಮೊದಲು ಕಾಣುತ್ತೆ, ಅಲ್ವಾ? ಅದೇ ಸಾಲಿನ ಕೊನೆಯಲ್ಲಿ ಸ್ಟ್ಯಾಟ್‌ಹರ್ಟ್ಸ್ 127 ಅಂತ ಇದೆ. ಟೈಮರ್‌ನ ಗತಿ 1000. ಆದರೆ ಸಿಪಿಯು ಐಡಲ್ ಇತ್ತೋ ಕೆಲಸ ಮಾಡುತ್ತಿತ್ತೋ ಅಂತ ಇಣುಕಿ ನೋಡಿ ಗೀಟು ಹಾಕುವ ಗತಿ 127. ನಮಗೆ ಬೇಕಾದದ್ದು ಆ ಗೀಟುಗಳು.

ಒಂದು ಸಿಪಿಯು 100 ಸೆಕೆಂಡ್ ಸುಮ್ಮನೆ ಕೂತಿತ್ತು ಅನ್ನಿ. ಗೀಟುಗಳು 12,700. ನೂರರಿಂದ ಗುಣಿಸಿ 127ರಿಂದ ಭಾಗಿಸಿದರೆ 10,000 ಜಿಫಿ, ಅಂದರೆ ಸರಿಯಾಗಿ 100 ಸೆಕೆಂಡ್. ನನ್ನ ಹಾಗೆ 1000 ಹಾಕಿದರೆ 1,270 ಜಿಫಿ, 12.7 ಸೆಕೆಂಡ್. ಬದಲಾಯಿಸದೆ ಹಾಗೇ ಕೊಟ್ಟರೆ 127 ಸೆಕೆಂಡ್. ಮೂರೂ ನೋಡೋಕೆ ನಂಬುವಂಥ ಸಂಖ್ಯೆಗಳೇ, ಎರರ್ ಮೆಸೇಜೂ ಬರಲ್ಲ.

ಇನ್ನೊಂದು ಚಿಕ್ಕದು. /ಕಂಪ್ಯಾಟ್/ಉಬುಂಟು ಅಂತ ಬೇರೆ ಡೈರೆಕ್ಟರಿಯಲ್ಲಿ ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿಕೊಂಡು ಕ್ರೂಟ್ ಮಾಡುವುದಾದರೆ, ಅಂದರೆ ಆ ಡೈರೆಕ್ಟರಿಯನ್ನೇ ರೂಟ್ ಅಂತ ತೋರಿಸುವುದಾದರೆ, ಅದರೊಳಗಿನ ಪ್ರಾಕ್‌ಗೆ ಲಿನ್‌ಪ್ರಾಕ್‌ಎಫ್‌ಎಸ್ ಅನ್ನು ಬೇರೆಯಾಗಿಯೇ ಮೌಂಟ್ ಮಾಡಬೇಕು. ಮೊದಲಿನದು ಅಲ್ಲಿಗೆ ಕಾಣಿಸುವುದಿಲ್ಲ.