20 ಚುಕ್ಕಿ ಜೋಡಿಸೋಕೆ 77 ವರ್ಷ!

"ಕಂಪ್ಯೂಟರ್‌ಗೇನ್ರೀ, ಎಲ್ಲಾ ಸಾಧ್ಯತೆನೂ ಒಂದೊಂದಾಗಿ ನೋಡಿ ಸರಿಯಾದ್ದನ್ನ ಹೇಳ್ಬಿಡುತ್ತೆ" ಅಂತ ಯಾರಾದ್ರೂ ಅಂದ್ರೆ ನನಗೆ ಸುಮ್ನಿರೋಕಾಗಲ್ಲ. ನಿಂತಿರೋ ಕುದುರೆದೊಂದು ಫೋಟೋ, ಅದೇ ಕುದುರೆ ಓಡ್ತಿರೋದು ಇನ್ನೊಂದು. ಎರಡರಲ್ಲೂ ಕಿವಿ, ಮೂತಿ, ಗೊರಸು ಅಂತ 20 ಚುಕ್ಕಿ ಇಟ್ಟು, ಅಕ್ಕಪಕ್ಕದ ಚುಕ್ಕಿಗಳಿಗೆ ಗೆರೆ ಎಳೆದ್ರೆ ಗ್ರಾಫ್, ಅಂದ್ರೆ ಚುಕ್ಕಿ-ಗೆರೆಗಳ ಜಾಲ, ರೆಡಿ. ಇಲ್ಲಿನ ಯಾವ ಚುಕ್ಕಿ ಅಲ್ಲಿನ ಯಾವುದಕ್ಕೆ? ಸೆಕೆಂಡಿಗೆ 100 ಕೋಟಿ ಜೋಡಣೆ ನೋಡಿದ್ರೂ ಎಲ್ಲಾ ಮುಗಿಯೋಕೆ ಸುಮಾರು 77 ವರ್ಷ ಬೇಕು, 30 ಚುಕ್ಕಿಗಾದ್ರೆ ವಿಶ್ವದ ವಯಸ್ಸೇ ಸಾಲಲ್ಲ.

ಚುಕ್ಕಿ ಮಾತ್ರ ಹೋಲಿಸೋದಾದ್ರೆ ಕಷ್ಟ ಇಲ್ಲ, 1955ರಲ್ಲೇ ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ ದಾರಿ ತೋರಿಸಿದ್ರು. ಕ್ಯೋನಿಗ್, ಎಗರ್ವಾರಿ ಅನ್ನೋ ಹಂಗೇರಿಯ ಗಣಿತಜ್ಞರ ಕೆಲಸದ ಮೇಲೆ ಕಟ್ಟಿದ್ದು ಅಂತ ಅದಕ್ಕೆ ಹಂಗೇರಿಯನ್ ವಿಧಾನ ಅಂತ ಹೆಸರಿಟ್ರು, ಆದ್ರೆ 19ನೇ ಶತಮಾನದ ಜರ್ಮನ್ ಗಣಿತಜ್ಞ ಯಾಕೋಬಿ ಇದನ್ನ ಮೊದಲೇ ಕಂಡುಹಿಡಿದಿದ್ರು ಅಂತ ಆಮೇಲೆ ಗೊತ್ತಾಯ್ತು, ಅವರು ತೀರಿಕೊಂಡ ಮೇಲೆ 1890ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ! ಆಕಾರನ ಅಸ್ಥಿಪಂಜರದ ಥರ ಕವಲೊಡೆಯೋ ಮರ ಮಾಡ್ಕೊಂಡ್ರೂ ಸ್ವಲ್ಪ ಹಗುರ, ಮರದಲ್ಲಿ ಗೆರೆಗಳು ಸುತ್ತಿ ಬಂದು ಮತ್ತೆ ಕೂಡಲ್ಲ, ಕೊಂಬೆಗಳ ಕ್ರಮ ಗೊತ್ತಿದ್ರಂತೂ ಬೇಗ ಮುಗಿಯುತ್ತೆ. ತೊಡಕಿರೋದು ಗೆರೆಗಳಲ್ಲಿ. ಒಂದು ಗೆರೆ ಸರಿಹೊಂದಬೇಕಾದ್ರೆ ಅದರ ಎರಡೂ ತುದಿ ಒಟ್ಟಿಗೇ ಸರಿಯಿರಬೇಕು, ಒಂದನ್ನ ಬದಲಾಯಿಸಿದ್ರೆ ಅದಕ್ಕೆ ಅಂಟಿಕೊಂಡಿರೋದೆಲ್ಲ ಅಲ್ಲಾಡುತ್ತೆ.

1996ರಲ್ಲಿ ಗೋಲ್ಡ್ ಮತ್ತು ರಂಗರಾಜನ್ ಅನ್ನೋ ಸಂಶೋಧಕರು ಕೊಟ್ಟ ಉಪಾಯ ನನಗೆ ತುಂಬಾ ಇಷ್ಟ: ಅವಸರಪಟ್ಟು ತೀರ್ಮಾನ ಮಾಡಬೇಡಿ. 20 ಸಾಲು 20 ಕಂಬದ ಕೋಷ್ಟಕ ಮಾಡಿ, ಮೊದಲು ಎಲ್ಲಾ ಮನೆಗೂ ಹೆಚ್ಚುಕಮ್ಮಿ ಒಂದೇ ಅಂಕ. ಆಮೇಲೆ ಪ್ರತಿ ಜೋಡಿನೂ ತನ್ನ ನೆರೆಹೊರೆಯವರನ್ನ ಕೇಳುತ್ತೆ, "ಕಿವಿ ಕಿವಿಗೇ ಹೋದ್ರೆ ನಿಮಗೆ ಸರಿನಾ?" ಹೂಂ ಅಂದೋರು ಜಾಸ್ತಿಯಿದ್ರೆ ಅಂಕ ಏರುತ್ತೆ, ಸಾಲಿನ ಮೊತ್ತ 1, ಕಂಬದ ಮೊತ್ತ 1 ಬರೋ ತನಕ ಅಂಕಗಳನ್ನ ಆಯಾ ಮೊತ್ತದಿಂದ ಮತ್ತೆ ಮತ್ತೆ ಭಾಗಿಸ್ತಾರೆ, ಆಮೇಲೆ ಪಟ್ಟು ಒಂಚೂರು ಬಿಗಿ ಮಾಡಿ, ಅಂದ್ರೆ ಜಾಸ್ತಿ ಅಂಕದ ಜೋಡಿಗೆ ಇನ್ನಷ್ಟು ಒತ್ತು ಕೊಟ್ಟು, ಇನ್ನೊಂದು ಸುತ್ತು. ಚಿತ್ರ ಬಿಡಿಸೋರು ಮೊದಲು ಪೆನ್ಸಿಲ್‌ನಲ್ಲಿ ತೆಳುವಾಗಿ ಹತ್ತು ಗೆರೆ ಎಳೆದು ಕೊನೆಗೆ ಒಂದರ ಮೇಲೆ ಇಂಕ್ ಹಾಕ್ತಾರಲ್ಲ, ಹಾಗೆ. ಕಾದ ಲೋಹ ನಿಧಾನಕ್ಕೆ ಆರಿದ್ರೆ ಒಳಗಿನ ಕಣಗಳು ತಮ್ಮ ಜಾಗ ಹುಡುಕ್ಕೊಳ್ಳೋ ಹಾಗೆ ಅಂತಲೂ ಅನ್ನಬಹುದು.

ಇದನ್ನ ಕುರುಡು ಊಹೆ ಅಂದ್ರೆ ತಪ್ಪಾಗುತ್ತೆ, ಒಂದೊಂದು ಅಂಕಕ್ಕೂ ಕಾರಣ ಇದೆ. ಇದಕ್ಕಿಂತ ಒಳ್ಳೆ ಜೋಡಣೆ ಇಲ್ಲವೇ ಇಲ್ಲ ಅನ್ನೋ ಗ್ಯಾರಂಟಿ ಮಾತ್ರ ಸಿಗಲ್ಲ, ಎಡಗಾಲು ಬಲಗಾಲು ಒಂದೇ ಥರ ಕಂಡ್ರೆ ಅದಲುಬದಲಾಗಬಹುದು. ಓಡೋ ಕುದುರೆಯ ಒಂದು ಕಾಲು ಮರೆಯಾಗಿದ್ರೆ? ಅದಕ್ಕೂ ಕೋಷ್ಟಕದ ಅಂಚಿಗೆ ಒಂದು ಸಾಲು, ಒಂದು ಕಂಬ ಜಾಸ್ತಿ ಸೇರಿಸಿದಾರೆ, ಜೋಡಿ ಸಿಗದ ಚುಕ್ಕಿಗಳು ಅಲ್ಲಿಗೆ ಹೋಗಿ ಕೂರ್ತವೆ.